ಊಟದ ಹೊತ್ತಿನ ಕೆಂಪು ದೀಪ

ನನ್ನ ಮದುವೆಯಾದಾಗಿನಿಂದ ಫೋನ್ ಎತ್ತದ ಅಪ್ಪನಿಗೆ, ಮಗಳ ನಮಸ್ಕಾರ.

ನಾನಿಲ್ಲಿ ಕೂತು ದೂರದ ನೂರಾರು ಕಚೇರಿಗಳ ನೆಟ್‌ವರ್ಕ್ ಕಾಯುತ್ತೇನೆ. ನೀವು ಕಾವಲಿರುವ ಗ್ರಂಥಾಲಯವೂ ಅವುಗಳಲ್ಲೊಂದು. ದಿನಾ ಊಟದ ಹೊತ್ತಿಗೆ, ನಾಟಕದ ಸೂತ್ರಧಾರ ಗಂಟೆ ಬಾರಿಸಿದಂತೆ, ನನ್ನ ಕಂಪ್ಯೂಟರಿನಲ್ಲಿ ಅದರ ಸಂಪರ್ಕ ಕಡಿದು ದೀಪ ಕೆಂಪಾಗುತ್ತದೆ! ‘ಇಲಿ ವೈರು ಕಡಿದಿರ್ಬೇಕು ಬಿಡಮ್ಮಾ’ ಅಂತಾರೆ ಮೇಲಧಿಕಾರಿ. ಎಲ್ಲಿಯ ಇಲಿ! ಬುತ್ತಿ ಬಿಸಿಮಾಡಲು ನೀವೇ ನೆಟ್‌ವರ್ಕ್ ಪೆಟ್ಟಿಗೆಯ, ಅದೇ ರೌಟರಿನ, ಪ್ಲಗ್ಗು ಕಿತ್ತು ಕರೆಂಟ್ ಒಲೆ ಸಿಕ್ಕಿಸುತ್ತೀರಿ. ಅಮ್ಮನ ಫ್ರಿಜ್ಜಿನ ಪ್ಲಗ್ಗು ಕಿತ್ತು ರೇಡಿಯೊ ಹಾಕಿದವರಲ್ಲವೇ!

ಸೋಮವಾರ ಇಲಿ ಹಿಡಿಯಲು ಜನ ಬರುತ್ತಾರೆ. ಸಿಕ್ಕಿಬೀಳುವವರು ನೀವು, ಹೋಗುವುದು ಕೆಲಸ. ಎಕ್ಸ್‌ಟೆನ್ಶನ್ ಬೋರ್ಡ್ ಕಳಿಸಿದ್ದೇನೆ, ಎರಡನ್ನೂ ಅದಕ್ಕೇ ಸಿಕ್ಕಿಸಿ.

ಒಂದೇ ತೊಂದರೆ. ಆ ದೀಪ ಕೆಂಪಾದಾಗ, ಅಪ್ಪ ಊಟಕ್ಕೆ ಕೂತರು ಎಂದು ನಾನೂ ಡಬ್ಬಿ ತೆರೆಯುತ್ತಿದ್ದೆ. ಇನ್ನು ಮೇಲೆ ನೀವು ಫೋನ್ ಎತ್ತಬೇಕಾಗುತ್ತದೆ.

ಇಂತಿ,
ಡಬ್ಬಿ ಮುಂದಿಟ್ಟುಕೊಂಡಿರುವ ನಿಮ್ಮ ಮಗಳು