‘ಅಗೆಯಬಾರದು’ ಎಂಬ ಫಲಕಕ್ಕೆ ತೋಡಿದ ಗುಂಡಿ

ಹುಲ್ಲುಗಾವಲು ಸಂರಕ್ಷಣೆಯ ಮಾನ್ಯ ಅಧಿಕಾರಿಗಳೇ,

ನಮ್ಮ ಗುಡ್ಡದ ತಿಂಪ್ಸಿಲ ಗಿಡಗಳನ್ನು ತಾವು ನಮ್ಮಿಂದಲೇ ಕಾಪಾಡಿದ್ದೀರಿ. ತುಂಬಾ ಉಪಕಾರವಾಯಿತು. ಇನ್ನು ಸಾಕು.

ಹೋದ ವರ್ಷದವರೆಗೆ ತಮ್ಮ ಪಾಲಿಗೆ ಅದು ಕಳೆ, ಔಷಧ ಹೊಡೆಸಿದಿರಿ. ಈ ವರ್ಷ ಅದು ಅಪರೂಪದ ಕಾಡುಹೂವಂತೆ. ಬೇಲಿ ಹಾಕಿಸಿ ‘ಅಗೆಯಬಾರದು’ ಎಂದು ಫಲಕ ನೆಡಿಸಿದಿರಿ. ಬಟಾಣಿಯ ಬಳಗ, ನೇರಳೆ ಹೂ, ಬಹುವಾರ್ಷಿಕ ಎಂದೆಲ್ಲ ಅದರಲ್ಲಿ ಬರೆಸಿದವರಿಗೆ, ಈ ನೆಲದ ಮೂಲನಿವಾಸಿಗಳಾದ ನಾವು ಲಕೋಟ ಜನ ಇದರ ಗಡ್ಡೆ ತಿನ್ನುತ್ತೇವೆಂದು ಬರೆಸಲು ಜಾಗ ಸಾಲಲಿಲ್ಲವೇ? ಕಳೆಯಾದಾಗಲೂ ನಮಗಿಲ್ಲ, ಹೂವಾದಾಗಲೂ ನಮಗಿಲ್ಲ. ಇದು ಊಟವಾಗುವುದು ಯಾವಾಗ ಸ್ವಾಮಿ?

ನನ್ನ ಸೋದರತ್ತೆ ವರ್ಲೀನ್‌ಳ ಗಂಡ ಎಮರಿ ಮಾವ ತೀರಿಕೊಂಡು ಬರುವ ಸೆಪ್ಟೆಂಬರಿಗೆ ವರ್ಷ. ಊರಿಗೆಲ್ಲ ಊಟ ಹಾಕಬೇಕು. ಕಾಡೆಮ್ಮೆಯ ಸಾರಿಗೆ ಈ ಗಡ್ಡೆ ಬೀಳಲೇಬೇಕು. ಗಡ್ಡೆಗಳನ್ನು ಜಡೆ ಹೆಣೆದು ಒಣಗಲು ತೂಗುಹಾಕುವ ಮೊಳೆ ಅತ್ತೆಯ ಅಡುಗೆಮನೆಯಲ್ಲಿ ಈಗ ಖಾಲಿ.

ಮೊನ್ನೆ ಅತ್ತೆ ಬೇಲಿಯಾಚೆ ಒಂದು ಗಿಡ ಕಂಡಳು. ಒಂದರ ರೆಂಬೆ ಇನ್ನೊಂದಿರುವ ಕಡೆಗೆ ಕೈ ತೋರಿಸುತ್ತದೆ ಎಂಬುದು ನಮ್ಮವರ ನಂಬಿಕೆ.

“ನೋಡೋ ಡೆಲ್ವಿನ್, ಕೈ ಚಾಚಿದೆ. ಇನ್ನೊಂದು ಅಲ್ಲೇ ಇರ್ಬೇಕು.”

ಅಲ್ಲಿದ್ದದ್ದು ತಮ್ಮ ಫಲಕದ ಕಂಬ.

“ಅತ್ತೆ, ಗಿಡ ನಿಂಗೆ ಬೋರ್ಡು ಓದು ಅಂತಿದೆ.”

“ಓದಿದೀನಿ ಕಣೋ. ಕಂಬ ನೆಟ್ಟೋರಿಗೆ ಓದಕ್ಕೆ ಬರಲ್ವಾ? ಗುಂಡಿ ಏನು ಹಲ್ಲಲ್ಲಿ ತೋಡಿದ್ರಾ?”

ಕಂಬದ ಬುಡದಲ್ಲಿ ಕಿತ್ತೆಸೆದ ಗಿಡವೊಂದು ಒಣಗಿ ಬಿದ್ದಿತ್ತು. ಅತ್ತೆ ಬೇಲಿಯ ಸಂದಿನಲ್ಲಿ ಕೈ ತೂರಿಸಿ ಎತ್ತಿಕೊಂಡಳು. ಅವಳ ನಗು ಅಲ್ಲಿಗೇ ನಿಂತಿತು. “ಎಮರಿ ಆಗಿದ್ರೆ ಗಡ್ಡೆ ತಗೊಂಡು, ಬೀಜದ ತಲೇನ ಅದೇ ಗುಂಡಿಗೆ ಹಾಕಿ ಮಣ್ಣು ಮುಚ್ತಿದ್ದ.”

ನಾವು ಅಗೆಯುವ ರೀತಿಯೇ ಅದು, ಮಾನ್ಯರೇ. ಗುಡ್ಡದಲ್ಲಿ ಗಿಡ ಉಳಿದಿರುವುದೂ ಅದರಿಂದಲೇ. ಅಗೆಯಲು ಬಿಡಿ ಎಂದು ಕೊಟ್ಟ ನಮ್ಮ ಮನವಿಯನ್ನು ಚಳಿಗಾಲದೊಳಗೆ ಪರಿಶೀಲಿಸುವುದಾಗಿ ತಮ್ಮ ಕಚೇರಿ ಹೇಳಿದೆ. ಜುಲೈ ಗಾಳಿಗೆ ಕಾಂಡ ಮುರಿದು ಹಾರಿಹೋಗುತ್ತದೆ. ಆಮೇಲೆ ಗಡ್ಡೆ ಎಲ್ಲಿದೆಯೆಂದು ಕೈ ತೋರಿಸುವವರು ಯಾರು, ತಾವೇ?

ಆದ್ದರಿಂದ, ಗಾಳಿ ಏಳುವ ಮೊದಲು ಒಂದು ಬೆಳಿಗ್ಗೆ ಬೇಲಿ ತೆರೆಸಿ. ಒಂದು ಜಡೆಗಾಗುವಷ್ಟು ಅಗೆದುಕೊಳ್ಳುತ್ತೇವೆ. ಊಟಕ್ಕೆ ತಾವೂ ಬನ್ನಿ. ಮೊದಲ ಬಟ್ಟಲು ಮಾವನ ಹೆಸರಿನಲ್ಲಿ ಎತ್ತಿಡುತ್ತೇವೆ. ಅದರಲ್ಲಿ ಗಡ್ಡೆ ಇಲ್ಲದಿದ್ದರೆ, ಏಕಿಲ್ಲವೆಂದು ಆತನಿಗೆ ತಮ್ಮ ಫಲಕವನ್ನೇ ಓದಿ ಹೇಳಬೇಕಾದೀತು. ಆತ ಬದುಕಿದ್ದಾಗಲೇ ಸರ್ಕಾರಿ ಭಾಷೆ ಕೇಳಿದರೆ ಊಟ ಬಿಟ್ಟು ಎದ್ದುಹೋಗುತ್ತಿದ್ದ.

ಇಂತಿ,
ಸಲಾಕೆ ಹಿಡಿದು ಬೇಲಿಯ ಹೊರಗೆ ನಿಂತಿರುವ ಅತ್ತೆಯ ಪಕ್ಕದಲ್ಲಿ, ಬರಿಗೈಯ
ಡೆಲ್ವಿನ್