ಕೋಲಿನಲ್ಲಿ ಎರಡು ತೂತು

ಮೇ ೧೨, ಮಂಗಳವಾರ

ಮತ್ತೆ ಅದೇ. ಬೆಳ್ಳುಳ್ಳಿ ಸಾರಿನ ಪಾತ್ರೆ ಉಜ್ಜಿದೆ. ಮೇಜು ಒರೆಸಿದೆ. ಕಿಟಕಿಯಲ್ಲಿ ನಿಂತು ಟೆಲ್ಚ್ ಕಡೆಗೆ ಹೋಗುವ ರೈಲು ನೋಡಿದೆ. ನಾನಿಲ್ಲದೆಯೇ ಹೋಯಿತು. ಈ ಪುಟ್ಟ ಊರು ದಾಚಿತ್ಸೆಯಲ್ಲಿ ಎಲ್ಲವೂ ನಾನಿಲ್ಲದೆಯೇ ಹೋಗುತ್ತದೆ.

ನಾನು ಕೆಲಸಕ್ಕಿರುವ ಚಿಕ್ಕಮ್ಮನ ವಸತಿಗೃಹಕ್ಕೆ ಒಬ್ಬ ಮುದುಕಿ ಬಂದಿದ್ದಾಳೆ. ಒಬ್ಬಳೇ. ಹೆಸರು ಲುಡ್ಮಿಲಾ; ಹಿರಿಯಳಾದ್ದರಿಂದ ಮರ್ಯಾದೆಗೆ 'ಪನೀ' ಅಂತ ಸೇರಿಸಿ ಕರೆಯುತ್ತೇನೆ. ಎಂಬತ್ತರ ಹತ್ತಿರ. ಕೈಯಲ್ಲಿ ನಡಿಗೆಕೋಲು, ಅದರ ತುಂಬ ಊರೂರಿನ ತಗಡಿನ ಬಿಲ್ಲೆಗಳು. ನಮ್ಮಜ್ಜನ ಕೋಲೂ ಹೀಗೇ ಇತ್ತು — ಹೋದ ಊರಲ್ಲಿ ಬಿಲ್ಲೆ ಕೊಳ್ಳುವುದು, ಪುಟ್ಟ ಮೊಳೆ ಹೊಡೆದು ಕೂರಿಸುವುದು. ಇವಳದರಲ್ಲಿ ಹಿಡಿಯ ಕೆಳಗೆ ಒಂದೇ ಜಾಗ ಖಾಲಿ.

"ಅದು ಟೆಲ್ಚ್‌ಗೆ," ಅಂದಳು. ಶುಕ್ರವಾರದಿಂದ ಅಲ್ಲಿ ಭಾಷೆಯ ಹುಚ್ಚರ ಕೂಟವಂತೆ. ಒಂದೊಂದು ಮೇಜಿಗೆ ಒಂದೊಂದು ಭಾಷೆ.

"ನಿಮ್ದು ಯಾವ ಮೇಜು, ಪನೀ ಲುಡ್ಮಿಲಾ?"

"ಫಿನ್ನಿಷ್. ಕಮ್ಯುನಿಸ್ಟರು ಗಡಿ ಮುಚ್ಚಿದ್ದ ಕಾಲದಲ್ಲಿ ಒಂದು ಪುಸ್ತಕ ಸಿಕ್ಕಿತ್ತು. ಅವತ್ತಿಂದ ಅಡುಗೆಮನೆ ಗೋಡೆ ಜೊತೆ ಮಾತಾಡ್ತಿದೀನಿ. ಸಾಯೋ ಮುಂಚೆ ಒಂದ್ಸಲ ಗೋಡೆ ಉತ್ತರ ಕೊಡಲಿ."

"ಅವರಿಗೆ ನಿಮ್ಮ ಮಾತು ಅರ್ಥ ಆಗದಿದ್ರೆ?"

"ಬಾಯಿಗೆ ಬೀಗ ಹಾಕೋ ಅಭ್ಯಾಸ ಇಲ್ವಾ ನಿಂಗೆ, ಹುಡುಗಿ?"

"ನಾನು ಸುಳ್ಳು ಹೇಳಲ್ಲ," ಅಂದೆ.

ಶಾಲೆ ಬಿಟ್ಟದ್ದೂ ಅದಕ್ಕೇ. ಮಾಡದ ತರಬೇತಿಯನ್ನು ಮಾಡಿದ್ದೇನೆಂದು ಸಹಿ ಹಾಕು ಅಂದರು, ಹಾಕಲಿಲ್ಲ. ಎಲ್ಲರಿಗೂ ಹಾಗೇ ಹೇಳುತ್ತೇನೆ. ಬೇಜಾರೂ ಆಗಿತ್ತು. ಅದೇ ಹೆಚ್ಚು ನಿಜ.

ಮೇ ೧೩

ಸುತ್ತಲಿನ ಊರುಗಳ ಬಿಲ್ಲೆಗಳನ್ನು ನಾವೂ ಮಾರಲು ಇಟ್ಟಿದ್ದೇವೆ. ಮಧ್ಯಾಹ್ನ ಮುದುಕಿ ಮಲಗಿದ್ದಾಗ ಟೆಲ್ಚ್‌ನದೊಂದು ತೆಗೆದು, ಕೋಲಿನ ಖಾಲಿ ಜಾಗದಲ್ಲಿ ಎರಡು ಮೊಳೆ ಹೊಡೆದಿಟ್ಟೆ. ಖುಷಿಪಡಲಿ ಅಂತ.

ನೋಡಿದಳು. ಮುಖ ಕಪ್ಪಿಟ್ಟಿತು.

"ಕಾಲಿಡದ ಊರಿಗೆ ಮೊಳೆಯಾ?"

"ನಾಡಿದ್ದು ಹೋಗ್ತೀರಲ್ಲ..."

"ನಾಡಿದ್ದು ನಾನಿರ್ತೀನೋ ಇಲ್ವೋ. ಸುಳ್ಳು ಹೇಳಲ್ಲ ಅಂದೋಳು ನೀನೇ ತಾನೆ? ಇದೇನು ಮತ್ತೆ?"

ಇಕ್ಕಳ ತಂದು ಕಿತ್ತೆ. ಮರದಲ್ಲಿ ಎರಡು ತೂತು ಉಳಿದವು. ಹೋದ ಮೇಲೆಯೇ ಮೊಳೆ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ — ಅಜ್ಜ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ.

ಮೇ ೧೪, ಸಂಜೆ

ಬೆಳಗ್ಗೆ ಮುದುಕಿಗೆ ತಲೆ ಸುತ್ತಿತು. ಮೆಟ್ಟಿಲ ಮೇಲೆ ಕೂತುಬಿಟ್ಟಳು. ನೀರು ಕೊಟ್ಟೆ. ಯಾರಿಗೂ ಹೇಳಬೇಡ ಅಂದಳು. ಕೇಳದಿದ್ದರೆ ಹೇಳಲ್ಲ ಅಂದೆ.

ಕೇಳಿದರು. ಯಿಹ್ಲಾವದಿಂದ ಅವಳ ಮಗ ಬೊಹ್ದಾನ್‌ನ ಫೋನ್. ಗೆಳತಿಯರ ಗುಂಪಿನ ಜೊತೆ ಹೋಗಿದ್ದೀನಿ ಅಂತ ಅವನಿಗೆ ಹೇಳಿದ್ದಾಳಂತೆ.

"ಅಮ್ಮನ ಜೊತೆ ಯಾರಿದ್ದಾರೆ? ಹುಷಾರಾಗಿದ್ದಾಳಾ?"

ಚಿಕ್ಕಮ್ಮ ಎದುರಿಗೆ ನಿಂತು ಕಣ್ಸನ್ನೆ ಮಾಡಿದಳು — ಇದ್ದಾರೆ ಅನ್ನು.

"ಯಾರೂ ಇಲ್ಲ," ಅಂದೆ. ಮೆಟ್ಟಿಲ ಸಂಗತಿಯನ್ನೂ ಹೇಳಿದೆ.

ಊಟದ ಹೊತ್ತಿಗೆ ಅವನ ಕಾರು ಬಂತು. ಮುದುಕಿ ಹತ್ತಿ ಕೂತಳು.

"ಕೋಲು ಮರೆತ್ರಿ, ಪನೀ ಲುಡ್ಮಿಲಾ."

"ಮರೆತಿಲ್ಲ."

ಕೋಲು ಇಲ್ಲೇ ಮೂಲೆಯಲ್ಲಿದೆ.

"ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು, ವೆಂದುಲಾ?" ಅಂದಳು ಚಿಕ್ಕಮ್ಮ. ಮುದುಕಿ ದಾರಿಯಲ್ಲಿ ಬಿದ್ದಿದ್ದರೆ? ಬೀಳದಿದ್ದಿದ್ದರೆ?

ಮೇ ೧೫

ಕೂತಲ್ಲಿ ಕೂರಲಾಗಲಿಲ್ಲ. ಟೆಲ್ಚ್‌ಗೆ ಹೋದೆ. ಶಾಲೆಯೊಂದರ ಹಾಲ್ — ನಾನು, ಮತ್ತೆ ಶಾಲೆಯಲ್ಲಿ. ಎಲ್ಲ ಮೇಜಿಗೂ ಜನ. ಫಿನ್ನಿಷ್ ಮೇಜಿನಲ್ಲಿ ಎತ್ತರದ ಒಬ್ಬನೇ, ವೇಯ್ಕೊ ಅಂತ. ಎದುರಿಗೆ ಪುಟ್ಟ ಬಾವುಟ, ತಣ್ಣಗಾದ ಕಾಫಿ.

"ನನ್ನ ಮೇಜು... ಯಾರೂ ಬರೋದಿಲ್ಲ," ಅಂದ ಮುರುಕು ಚೆಕ್‌ನಲ್ಲಿ. ಭಾನುವಾರ ಮಧ್ಯಾಹ್ನ ಹೊರಡುತ್ತಾನೆ. ಫೋನ್ ನಂಬರ್ ಕೊಟ್ಟ.

ಬೊಹ್ದಾನ್‌ಗೆ ಫೋನ್ ಮಾಡಿದೆ. ಅಮ್ಮನಿಗೆ ಕೊಟ್ಟ.

"ಫಿನ್ನಿಷ್‌ನವನು ನನ್ನ ಪಕ್ಕದಲ್ಲೇ ಇದ್ದಾನೆ. ಮಾತಾಡ್ತೀರಾ?"

"ಫೋನಲ್ಲಿ ಬೇಡ. ಮುಖ ಇಲ್ಲದ್ದರ ಜೊತೆ ಮಾತಾಡಿ ಸಾಕಾಗಿದೆ."

ಇಟ್ಟುಬಿಟ್ಟಳು.

ಮೇ ೧೭, ಭಾನುವಾರ, ರೈಲಿನಲ್ಲಿ

ನಿನ್ನೆ ಕೋಲು ಹಿಡಿದು ಯಿಹ್ಲಾವಕ್ಕೆ ಹೋದೆ. ಬಾಗಿಲಲ್ಲಿ ಶೂ ಬಿಚ್ಚಿದೆ. ಬೊಹ್ದಾನ್ ದೊಡ್ಡ ಚಪ್ಪಲಿ ಕೊಟ್ಟ. ಜಾರುವ ಕಾಲಲ್ಲೇ ಹೇಳಿದೆ — ನಾಳೆ ಟೆಲ್ಚ್‌ಗೆ ನಾನು ಕರಕೊಂಡು ಹೋಗ್ತೀನಿ, ಸಂಜೆಗೆ ವಾಪಸ್ ತಂದು ಬಿಡ್ತೀನಿ.

"ಡಾಕ್ಟರು ಈಗಷ್ಟೇ ಮಾತ್ರೆ ಬದಲಿಸಿದ್ದಾರೆ. ಮತ್ತೆ ತಲೆ ಸುತ್ತಿದ್ರೆ?"

"ನಿಮಗೆ ಫೋನ್ ಮಾಡ್ತೀನಿ. ಬೇಡ ಅಂದ್ರೂ ಮಾಡ್ತೀನಿ."

ತಲೆ ಕೆರೆದುಕೊಂಡ. "ಈ ವಾರ ನನಗೆ ನಿಜ ಹೇಳಿದೋಳು ನೀನೊಬ್ಬಳೇ."

"ಅವಳಿಗೆ ಬೇರೇನು ಬರುತ್ತೆ?" ಅಂತ ಒಳಗಿನಿಂದ ದನಿ. ಸಿಟ್ಟಿನದೇ. ಆದರೆ ಬೂಟು ಹುಡುಕುವ ಸದ್ದೂ ಬಂತು.

ರಾತ್ರಿ ಅವರ ಸೋಫಾದಲ್ಲಿ ಮಲಗಿದೆ. ಬೆಳಗ್ಗೆ ಕೊಸ್ಟೆಲೆಟ್ಸ್‌ನಲ್ಲಿ ಗಾಡಿ ಬದಲಿಸಿ, ಈಗ ಎದುರುಬದುರು. ಬೊಹ್ದಾನ್ ಕಟ್ಟಿಕೊಟ್ಟ ಬ್ರೆಡ್ಡು, ಕರಿದ ಮಾಂಸ ಅವಳು ಮುಟ್ಟಿಲ್ಲ. ನಾನೇ ತಿಂದೆ. ಕಿಟಕಿಯ ಕಡೆ ತಿರುಗಿ ತುಟಿ ಅಲ್ಲಾಡಿಸುತ್ತಿದ್ದಾಳೆ.

"ನಾನು ಕಲಿತದ್ದೆಲ್ಲ ತಪ್ಪಿದ್ರೆ?"

"ತಪ್ಪಿರಬಹುದು."

"ಇಂಥ ಹೊತ್ತಲ್ಲೂ ಒಂದು ಸುಳ್ಳು ಹೇಳಬಾರದಾ?"

"ಅವನ ಮೇಜಿಗೆ ಯಾರೂ ಬಂದಿಲ್ಲ. ಅದೂ ನಿಜ."

ನಕ್ಕಳು. ಹಾಗೆ ನಗುವುದು ಮೊದಲ ಸಲ ನೋಡಿದೆ.

ಬಿಲ್ಲೆ ನನ್ನ ಜೇಬಿನಲ್ಲಿ, ಸುತ್ತಿಗೆ ಚೀಲದಲ್ಲಿ. ಸ್ಟೇಶನ್ನಿನಿಂದ ಚೌಕದವರೆಗೆ ನಡೆದ ಮೇಲೆಯೇ ಅಂದಿದ್ದಾಳೆ. ತೂತು ಹೇಗೂ ತಯಾರಾಗಿವೆ.

ಗಾಡಿ ನಿಧಾನವಾಗುತ್ತಿದೆ. ರಾತ್ರಿ ನಾನು ಫೋನ್ ಮಾಡಿದ್ದಕ್ಕೆ ವೇಯ್ಕೊ ಪ್ಲಾಟ್‌ಫಾರ್ಮಿಗೇ ಬಂದಿದ್ದಾನೆ, ಕೈಯಲ್ಲಿ ಬಾವುಟ. ನಮ್ಮನ್ನಿನ್ನೂ ನೋಡಿಲ್ಲ. ಮುದುಕಿ ಎದ್ದಳು. ಕಿಟಕಿ ಇಳಿಸಿದಳು. ಏನೋ ಕೂಗಿದಳು — ನನಗೆ ಒಂದಕ್ಷರವೂ ಗೊತ್ತಾಗಲಿಲ್ಲ. ಅವನು ತಿರುಗಿದ. ಬಾಯಿ ತೆರೆದ, ಬಾವುಟ ಎತ್ತಿ ಅದೇ ಭಾಷೆಯಲ್ಲಿ ಉತ್ತರ ಕೂಗಿದ.