ಬೋರ್ಡಿನ ಹಿಂಬದಿ

ಭಾನುವಾರ, ಬೆಳಿಗ್ಗೆ

ಗುಬ್ಬಿ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಚೆನ್ನಾಗಿಯೇ ಇರುತ್ತೀಯ. ನಿನ್ನ ಲಕೋಟೆ ಬಂತು. ಹೊಸ ಸರ್ಕ್ಯೂಟ್ ಬೋರ್ಡಿನ ಎರಡು ಬದಿಯ ನಕ್ಷೆಯ ಹಾಳೆಗಳು ನಿನ್ನ ಕೈಯಲ್ಲಿ ಒಂದಕ್ಕೊಂದು ಕೂಡುತ್ತಿಲ್ಲವಂತೆ, ತೂತು ಕೊರೆದರೆ ಮೇಲೆ ಸರಿ, ಕೆಳಗೆ ಗೆರೆ ತುಂಡಾಗುತ್ತದಂತೆ, ಅಕ್ಕ ಒಂದು ಸಲ ಹೊಂದಿಸಿ ಕಳಿಸಬೇಕಂತೆ. ಇಲ್ಲದಿದ್ದರೆ ನಿನ್ನ ಸಾಹೇಬರು ಕೆಲಸದಿಂದ ತೆಗೆಯುತ್ತಾರಂತೆ. ಓದಿ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು.

ನೀನು ಓದಿದ ತಾಂತ್ರಿಕ ಶಾಲೆಯ ಪ್ರದರ್ಶನಕ್ಕೆ ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ಮಗು ಅತ್ತರೆ ಕಿವಿ ಕೇಳದ ತಾಯಿಗೆ ಕೈಪಟ್ಟಿ ನಡುಗಿಸಿ ತಿಳಿಸುವ ನಮ್ಮ ಯಂತ್ರದ ಬೋರ್ಡನ್ನು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ್ದರು. ಹೆಮ್ಮೆಯಿಂದ ಒಂದು ಸುತ್ತು ಬಂದೆ. ಹಿಂಬದಿಯಲ್ಲಿ ತಾಮ್ರದ ಅಕ್ಷರ: ವಿನ್ಯಾಸ, ತಯಾರಿಕೆ. ಕೆಳಗೆ ನಿನ್ನ ಹೆಸರೊಂದೇ. ಜಾಗ ಇರಲಿಲ್ಲ ಎನ್ನಬೇಡ, ಪಕ್ಕದಲ್ಲಿ ಎರಡು ಬೆರಳಗಲ ಖಾಲಿ ಇತ್ತು.

ಇಬ್ಬರ ಹೆಸರೂ ಹಾಕೋಣ, ಇಬ್ಬರೂ ಸೇರಿ ಅಂಗಡಿ ಇಡೋಣ ಎಂದವಳು ನೀನೇ. ಆ ಬೋರ್ಡು ನೋಡಿ ನಿನ್ನೊಬ್ಬಳನ್ನೇ ಕೆಲಸಕ್ಕೆ ಕರೆದದ್ದು ಏಕೆಂದು ಈಗ ಗೊತ್ತಾಯಿತು.

ಅದನ್ನು ಹೊಂದಿಸಿದ್ದು ನಾನು. ಹೊಲಿಗೆ ಬಿಟ್ಟು ಮೂರು ದಿನ ಆ ಪಾರದರ್ಶಕ ಹಾಳೆಗಳನ್ನು ಕಿಟಕಿಯ ಗಾಜಿಗೆ ಆನಿಸಿ, ಮೇಲಿನ ಒಂದೊಂದು ತೂತಿನಿಂದಲೂ ಕೆಳಗಿನ ತೂತಿನ ಬೆಳಕು ಕಾಣುವವರೆಗೆ ಸರಿಸಿ ಸರಿಸಿ, ನಡುವೆ ತಾಮ್ರದ ಹಲಗೆ ತೂರುವಂತೆ ದಿಂಬಿನ ಕವರಿನ ಹಾಗೆ ಅಂಚಿಗೆ ಟೇಪ್ ಹಚ್ಚಿಕೊಟ್ಟೆ. ಅಂಗಿಗೆ ಅಸ್ತರು ಕೂರಿಸುವ ಕೈ, ಕೂದಲೆಳೆಯಷ್ಟೂ ಜಾರಲಿಲ್ಲ. ಕೆಳಗಿನ ಹಾಳೆಯ ಅಕ್ಷರ ನನ್ನ ಕಡೆಯಿಂದ ತಿರುಗುಮುರುಗಾಗಿ ಕಾಣುತ್ತಿತ್ತು. ನನಗೆ ತೂತಿನದೇ ಚಿಂತೆ, ಓದಲಿಲ್ಲ. ತಂಗಿ ಬರೆದದ್ದನ್ನು ಪರೀಕ್ಷೆ ಮಾಡಬೇಕೆಂದು ಯಾರಿಗೆ ತೋಚುತ್ತದೆ?

ನಕ್ಷೆಯ ಗೆರೆ ಬಿಟ್ಟು ಮಿಕ್ಕ ತಾಮ್ರ ಕರಗಿಸುವ ಆಸಿಡ್ ನೀರಿನ ಹತ್ತಿರಕ್ಕೂ ನೀನು ನನ್ನನ್ನು ಬಿಡಲಿಲ್ಲ. “ಆ ಹೊಗೆ ನಿಂಗಾಗಲ್ಲ ಅಕ್ಕ, ಹೋಗಿ ಮಲ್ಕೋ, ಮಿಕ್ಕಿದ್ದೆಲ್ಲ ನಾನೇ ನೋಡ್ಕೋತೀನಿ” ಅಂದೆ. ನನ್ನ ಕೆಮ್ಮಿನ ಬಗ್ಗೆ ತಂಗಿಗೆ ಎಷ್ಟು ಕಾಳಜಿ ಎಂದು ಪಕ್ಕದ ಮನೆಯವಳ ಮುಂದೆ ಕೊಚ್ಚಿಕೊಂಡೆ. ಹೆಸರು ಹೋದರೆ ಹೋಗಲಿ, ಗುಬ್ಬಿ. ಹಲಗೆಯ ಮೇಲೆ ಮೂಡುವ ಹೆಸರು ನನ್ನ ಕಣ್ಣಿಗೆ ಬೀಳದಿರಲೆಂದು ಆ ಅಕ್ಕರೆಯೂ ನಾಟಕ ಎಂಬುದೇ ಗಂಟಲಲ್ಲಿ ಇಳಿಯುತ್ತಿಲ್ಲ.

ಹಾಳೆಗಳನ್ನು ವಾಪಸು ಕಳುಹಿಸುತ್ತಿದ್ದೇನೆ. ಲಕೋಟೆಯಿಂದ ಹೊರಗೆ ತೆಗೆದೂ ನೋಡಿಲ್ಲ. ತಯಾರಿಸುವವಳು ನೀನೇ ಎಂದು ಬರೆದುಕೊಂಡಿದ್ದೀಯಲ್ಲ, ತಯಾರಿಸು.

ಇನ್ನೂ ನಿನ್ನ ಅಕ್ಕನೇ ಆಗಿರುವ,
ಅಕ್ಕ

ತಾ.ಕ.: ತೆಗೆದು ನೋಡಿಲ್ಲ ಎಂದದ್ದು ಸುಳ್ಳು. ನಿನ್ನೆ ಇಡೀ ದಿನ ಕಿಟಕಿಯ ಬಳಿ ನಿಂತು ಹೊಂದಿಸಿ ಟೇಪ್ ಹಚ್ಚಿದೆ. ಒಂದು ತೂತೂ ತಪ್ಪಿರಲಿಲ್ಲ. ಆಮೇಲೆ ತಿರುಗಿಸಿ ಓದಿದೆ. ನನ್ನ ಹೆಸರು ಇದ್ದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಟೇಪ್ ಕಿತ್ತ ಗುರುತು ಅಂಚಿನಲ್ಲಿದೆ, ನೋಡಿಕೋ.